ಬಿಟ್ಟಿ ಚಾಕರಿಯೂ ಸ್ವಯಂಸೇವೆಯೂ

ಸ್ವಲ್ಪ ಉದ್ದದ ಬರಹ. ಪುರುಸೊತ್ತಾದಾಗ ಓದಿ, ತಪ್ಪಿದ್ದರೆ ತಿದ್ದಿ.

ಹೋದ ತಿಂಗಳು ನಮ್ಮ ಕೇರಿಯ ಜಯಂತಿ ಕಮಿಟಿ ಕಟ್ಟಿದ ಹಿರಿಯರೊಬ್ಬರು ತೀರಿಕೊಂಡರು. ಶ್ರದ್ಧಾಂಜಲಿ ಫ್ಲೆಕ್ಸ್‌ಗೆ ಒಂದು ಹಳೇ ಫೋಟೋ ಕೊಟ್ವಿ. ಅಂಗಡಿ ಹುಡುಗ ಅದನ್ನ ಕಂಪ್ಯೂಟರಿಗೆ ಹಾಕಿ 'ಕ್ಲಿಯರ್' ಮಾಡಿ ವಾಟ್ಸಾಪಲ್ಲಿ ಕಳಿಸಿದ. ಮುಖ ಸ್ಪಷ್ಟವಾಗಿತ್ತು, ಆದರೆ ಬೆಳ್ಳಗೆ, ಕೆನ್ನೆ ಮೇಲೆ ತೆಳು ಕೆಂಪು. ಬದುಕಿದ್ದಷ್ಟು ದಿನ ಬಿಸಿಲಲ್ಲೇ ದುಡಿದ ಕಪ್ಪು ಮನುಷ್ಯ ಅವರು. ಅವರ ಮಗಳು ಮೊಬೈಲ್ ನೋಡಿ, "ಇದು ನಮ್ಮಪ್ಪ ಅಲ್ಲ ಅಣ್ಣ" ಅಂದ್ಲು. ಹುಡುಗನ್ನ ಕೇಳಿದ್ರೆ, "ನಾನೇನೂ ಮಾಡಿಲ್ಲ ಅಣ್ಣ, ಸಾಫ್ಟ್‌ವೇರೇ ಹಂಗೆ ಮಾಡ್ತು" ಅಂದ.

ಅವನು ಸುಳ್ಳು ಹೇಳಿರಲಿಲ್ಲ. ಹಾಗಾದ್ರೆ ಸಾಫ್ಟ್‌ವೇರಿಗೆ ಹೇಳಿಕೊಟ್ಟವರು ಯಾರು?

ಇದನ್ನ ನನ್ನ ಅಕ್ಕನ ಮಗನ ಹತ್ರ ಹೇಳ್ಕೊಂಡೆ. ಅವನು ಬೆಂಗಳೂರಲ್ಲಿ ಸಿನಿಮಾ ಗ್ರಾಫಿಕ್ಸ್ ಕೆಲಸ ಮಾಡೋನು. "ಮಾವ, ಫೋಟೋ ಬೆಳ್ಳಗಾಗಿದ್ದು ಬೇರೆ ತಂತ್ರ, ನಾವು ಮಾಡೋದು ಬೇರೆ. ಆದ್ರೆ ಚರ್ಮ ಅಂದ್ರೆ ಬಿಳಿ ಚರ್ಮ ಅಂದ್ಕೊಳ್ಳೋ ಕಾಯಿಲೆ ನಮ್ಮ ಕ್ಷೇತ್ರಕ್ಕೂ ಇದೆ. ಸಿಗ್‌ಗ್ರಾಫ್‌ನಲ್ಲೇ ಇದರ ಬಗ್ಗೆ ಜಗಳ ಆಗಿದೆ" ಅಂದ. ಸಿಗ್‌ಗ್ರಾಫ್ ಅಂದ್ರೇನು ಅಂತ ಕೇಳಿದೆ. ಅವತ್ತಿಂದ ಓದ್ತಾ ಇದೀನಿ. ನಾನು ಬಿ.ಎ. ಮಾಡಿದ ಗುಮಾಸ್ತ, ಗಣಿತ ಅರ್ಥ ಆಗಲ್ಲ. ಆದ್ರೆ ಕಮಿಟಿ ಅಂದ್ರೇನು ಅಂತ ಚೆನ್ನಾಗಿ ಗೊತ್ತು. ಹಾಗಾಗಿ ಕಮಿಟಿ ವಿಷಯ ಮಾತ್ರ ಬರೀತೀನಿ.

ಸಿಗ್‌ಗ್ರಾಫ್ ಅಂದ್ರೆ ಕಂಪ್ಯೂಟರ್ ಗ್ರಾಫಿಕ್ಸ್‌ನವರ ವರ್ಷದ ಜಾತ್ರೆ. ಅಮೆರಿಕದಲ್ಲಿ 1947ರಲ್ಲಿ ಹುಟ್ಟಿದ ಎಸಿಎಂ ಅನ್ನೋ ಕಂಪ್ಯೂಟರ್ ತಜ್ಞರ ಸಂಘದ ಗ್ರಾಫಿಕ್ಸ್ ವಿಭಾಗ ಇದನ್ನ ನಡೆಸುತ್ತೆ. ಮೊದಲನೇದು 1974ರಲ್ಲಿ ಕೊಲರಾಡೋದ ಬೌಲ್ಡರ್‌ನಲ್ಲಿ, ಸೇರಿದ್ದು ಸುಮಾರು 600 ಜನ. 1997ರಲ್ಲಿ ಲಾಸ್ ಏಂಜಲೀಸ್‌ನಲ್ಲಿ 48,000 ದಾಟಿತು. 2023ರಲ್ಲಿ ಅದೇ ಊರಲ್ಲಿ 50ನೇ ಸಮ್ಮೇಳನ ಆಯ್ತು. ಪರದೆ ಮೇಲೆ ನೀರು, ಬೆಂಕಿ, ಕೂದಲು, ಮುಖ ನಿಜದ ಥರ ಕಾಣೋ ಹಾಗೆ ಮಾಡುವ ಎಷ್ಟೋ ವಿದ್ಯೆಗಳನ್ನ ಮೊದಲು ಮಂಡಿಸಿದ್ದು ಈ ವೇದಿಕೆಯಲ್ಲಿ. ಇಲ್ಲಿ ಒಪ್ಪಿದ್ದು ನಾಳೆ ಸಾಫ್ಟ್‌ವೇರ್ ಆಗುತ್ತೆ, ನಾಳಿದ್ದು ನಮ್ಮ ಮೊಬೈಲಿಗೆ ಬರುತ್ತೆ.

ಇಷ್ಟು ದೊಡ್ಡ ಜಾತ್ರೆಯಲ್ಲಿ ಏನು ತೋರಿಸಬೇಕು, ಏನು ಬೇಡ ಅಂತ ತೀರ್ಮಾನ ಮಾಡೋರು ಹೆಚ್ಚಿನವರು ಸಂಬಳ ಇಲ್ಲದ ಸ್ವಯಂಸೇವಕರು. ಹಾಲ್, ಲೆಕ್ಕಪತ್ರ ಇಂಥದ್ದಕ್ಕೆ ಸಂಬಳದ ಜನ ಇದ್ದಾರೆ. ಆದ್ರೆ ಸಮ್ಮೇಳನದ ಅಧ್ಯಕ್ಷರು, ಸಂಶೋಧನಾ ಪ್ರಬಂಧಗಳಿಗೆ, ಕಲಾ ಪ್ರದರ್ಶನಕ್ಕೆ, ಅನಿಮೇಷನ್ ಉತ್ಸವಕ್ಕೆ, ಪಾಠಗಳಿಗೆ ಅಂತ ಒಬ್ಬೊಬ್ಬ ಮುಖ್ಯಸ್ಥರು, ಅವರ ಕೈಕೆಳಗೆ ಓದಿ ನೋಡಿ ಆರಿಸುವ ಸಮಿತಿಗಳು, ಇವರೆಲ್ಲ ತಮ್ಮ ತಮ್ಮ ಕೆಲಸದ ಮಧ್ಯೆ ಬಿಡುವು ಮಾಡ್ಕೊಂಡು ದುಡಿಯೋರು. ಅಧ್ಯಕ್ಷರನ್ನ ಎಷ್ಟೋ ಮುಂಚೆ ಗೊತ್ತು ಮಾಡಿರ್ತಾರೆ. ಒಂದು ವಾರದ ಸಮ್ಮೇಳನಕ್ಕೆ ವರ್ಷಗಟ್ಟಲೆ ಮೀಟಿಂಗು.

ಇದು ದೊಡ್ಡ ವಿಷಯ, ನಾನು ಹೀಗಳೆಯಲ್ಲ. 50 ವರ್ಷದಿಂದ ಪುಕ್ಕಟೆ ದುಡಿದು ಒಂದು ವಿದ್ಯೆಯನ್ನೇ ಕಟ್ಟಿದಾರೆ. ಜಯಂತಿಗೆ ಹದಿನೈದು ದಿನ ಓಡಾಡಿ ಸುಸ್ತಾಗೋ ನನಗೆ ಆ ಕಷ್ಟ ಗೊತ್ತು.

ಆದ್ರೆ 'ಪುಕ್ಕಟೆ ಕೆಲಸ' ಅಂದ ಕೂಡ್ಲೇ ನನಗೆ ನಮ್ಮ ತಾತ ನೆನಪಾಗ್ತಾನೆ. ಊರ ತೋಟಿ ಅವನು. ಸತ್ತ ದನ ಎಳೆಯೋದು, ಸಾವಿನ ಸುದ್ದಿ ಹೊತ್ತು ಊರೂರು ನಡೆಯೋದು, ಸಾಹೇಬರು ಬಂದ್ರೆ ಹಿಂದೆ ಓಡೋದು. ಗ್ರಾಮ ಹುದ್ದೆಗಳನ್ನ ರದ್ದು ಮಾಡೋ ಕಾಯ್ದೆ 1961ರಲ್ಲಿ ಬಂದ್ರೂ ಊರವರು ಬಾಯ್ತುಂಬ 'ಲೇ ತೋಟಿ' ಅಂತ ಕರೆಯೋದು ಬಿಡಲಿಲ್ಲ. ಅವನು ಮಾಡಿದ್ದೂ ಸಂಬಳ ಇಲ್ಲದ ಕೆಲಸವೇ. ಅದಕ್ಕೆ ಬಿಟ್ಟಿ ಚಾಕರಿ ಅಂತ ಹೆಸರು. ಯಾರೂ ಅವನಿಗೆ ಶಾಲು ಹೊದಿಸಲಿಲ್ಲ. ಊರ ಪಂಚಾಯ್ತಿ ಸೇರಿದಾಗ ಅವನು ದೂರ ನಿಂತಿರ್ತಿದ್ದ.

ಎರಡೂ ಪುಕ್ಕಟೆ ದುಡಿಮೆ. ವ್ಯತ್ಯಾಸ ಏನಪ್ಪಾ ಅಂದ್ರೆ, ಸ್ವಯಂಸೇವಕ 'ಆಗಲ್ಲ' ಅನ್ನಬಹುದು, ನಮ್ಮ ತಾತ ಅನ್ನೋ ಹಾಗಿರಲಿಲ್ಲ. ಸ್ವಯಂಸೇವಕನಿಗೆ ತೀರ್ಮಾನ ಮಾಡೋ ಕುರ್ಚಿ ಸಿಗುತ್ತೆ, ತಾತನಿಗೆ ಕೂರೋಕೂ ಜಾಗ ಇರಲಿಲ್ಲ. ಸ್ವಯಂಸೇವೆ ಮಾಡೋಕೆ ಮನೇಲಿ ಒಲೆ ಉರೀತಿರಬೇಕು. ರಜೆ ಕೊಡೋ ಕೆಲಸ ಬೇಕು, ಪ್ರಯಾಣದ ಖರ್ಚು ಕೊಡೋ ಯೂನಿವರ್ಸಿಟಿ ಅಥವಾ ಕಂಪನಿ ಬೇಕು, ಕಷ್ಟ ಇಲ್ಲದೆ ವೀಸಾ ಸಿಗೋ ಪಾಸ್‌ಪೋರ್ಟ್ ಬೇಕು. ಇವೆಲ್ಲ ಇದ್ದವರು ಕಮಿಟಿಗೆ ಬರ್ತಾರೆ. ಬಂದವರೇ ಮತ್ತೆ ತಮಗೆ ಗೊತ್ತಿದ್ದವರನ್ನ ಕರೀತಾರೆ. ಇದರಲ್ಲಿ ಕೆಟ್ಟ ಬುದ್ಧಿ ಇರಬೇಕು ಅಂತೇನಿಲ್ಲ. ಎಲ್ಲ ಕಮಿಟಿನೂ ಹಿಂಗೇ.

ನನ್ನ ಅಕ್ಕನ ಮಗನ ವಿಷಯಕ್ಕೆ ಬರ್ತೀನಿ. ಸಿಗ್‌ಗ್ರಾಫ್‌ನಲ್ಲಿ ವಿದ್ಯಾರ್ಥಿ ಸ್ವಯಂಸೇವಕರು ಅಂತ ಒಂದು ಒಳ್ಳೇ ವ್ಯವಸ್ಥೆ ಇದೆ. ಓದ್ತಿರೋ ಮಕ್ಕಳು ಸಮ್ಮೇಳನದಲ್ಲಿ ಇಷ್ಟು ಗಂಟೆ ಅಂತ ಕೆಲಸ ಮಾಡಿದ್ರೆ ಪ್ರವೇಶ ಪುಕ್ಕಟೆ. ಬಾಗಿಲು ಕಾಯೋದು, ಜನಕ್ಕೆ ದಾರಿ ತೋರಿಸೋದು, ಆಮೇಲೆ ದೊಡ್ಡವರ ಮಾತು ಕೇಳೋದು. ಹೀಗೆ ಬಾಗಿಲು ಕಾದವರು ಮುಂದೆ ಕಮಿಟಿಗಳಿಗೂ ಬಂದಿದಾರೆ. ಇವನು ಓದುವಾಗ ಅದಕ್ಕೆ ಆಸೆಪಟ್ಟಿದ್ದ. ಒಂದು ರಾತ್ರಿ ಕೂತು ಲೆಕ್ಕ ಹಾಕಿದ್ವಿ. ವಿಮಾನ, ವಸತಿ, ವೀಸಾ ಫೀಸು, ಬ್ಯಾಂಕ್ ಅಕೌಂಟಲ್ಲಿ ತೋರಿಸಬೇಕಾದ ದುಡ್ಡು. ನಮ್ಮಕ್ಕ ಗಾರ್ಮೆಂಟ್ಸ್‌ಗೆ ಹೋಗೋಳು. ಲೆಕ್ಕ ಬರೆದ ಹಾಳೆನ ಅವನೇ ಮಡಚಿ ಇಟ್ಟ. ಅರ್ಜಿನೇ ಹಾಕಲಿಲ್ಲ.

ನಾನು ಆಫೀಸಲ್ಲಿ ಎಷ್ಟೋ ವರ್ಷ ಟಪಾಲು ನೋಡ್ಕೊಂಡವನು. ಇನ್‌ವರ್ಡ್ ರಿಜಿಸ್ಟರ್‌ನಲ್ಲಿ ಬಂದ ಅರ್ಜಿಗೆ ನಂಬರ್ ಬೀಳುತ್ತೆ. ತಿರಸ್ಕಾರ ಆದ್ರೂ ಒಂದು ಗೆರೆ ಇರುತ್ತೆ. ಹಾಕದೇ ಇರೋ ಅರ್ಜಿಗೆ ಯಾವ ರಿಜಿಸ್ಟರ್ರೂ ಇಲ್ಲ. 'ನಿಮ್ಮವರು ಅಪ್ಲೈನೇ ಮಾಡಲ್ವಲ್ಲ' ಅನ್ನೋ ಮಾತು ಅಲ್ಲಿಂದಲೇ ಹುಟ್ಟೋದು.

ಈಗ ಅವನು ರಾತ್ರಿ ಪಾಳಿಯಲ್ಲಿ ರೋಟೋ ಕೆಲಸ ಮಾಡ್ತಾನೆ. ಅಂದ್ರೆ ಸಿನಿಮಾ ದೃಶ್ಯದಲ್ಲಿ ನಟನ ಅಂಚನ್ನ ಫ್ರೇಮ್ ಫ್ರೇಮಿಗೂ ಗೆರೆ ಎಳೆದು ಬಿಡಿಸೋದು. ಒಂದು ಸೆಕೆಂಡಿಗೆ 24 ಫ್ರೇಮು. ಹಾಲಿವುಡ್‌ನ ಇಂಥ ಕೆಲಸ ಎಷ್ಟೋ ಭಾರತದಲ್ಲಾಗುತ್ತೆ, ಬೆಂಗಳೂರಲ್ಲೂ ಆಗುತ್ತೆ. ಆದ್ರೆ ಏಷ್ಯಾಕ್ಕೆ ಅಂತಲೇ 2008ರಲ್ಲಿ ಸಿಂಗಪುರದಿಂದ ಶುರುವಾದ ಸಿಗ್‌ಗ್ರಾಫ್ ಏಷ್ಯಾ 2025ರ ಹಾಂಕಾಂಗ್‌ವರೆಗೆ ಒಂದು ಸಲನೂ ಭಾರತಕ್ಕೆ ಬಂದಿಲ್ಲ. ಕೈ ಇಲ್ಲಿದೆ, ಕುರ್ಚಿ ಇಲ್ಲಿಲ್ಲ.

ಕುರ್ಚಿಯಲ್ಲಿ ಯಾರು ಕೂತ್ರೇನು, ವಿಜ್ಞಾನ ವಿಜ್ಞಾನವೇ ಅಲ್ವಾ ಅಂತ ಕೇಳೋರಿದಾರೆ. ಅವರಿಗೆ ಚರ್ಮದ ಕಥೆ ಹೇಳ್ಬೇಕು.

2001ರ ಸಿಗ್‌ಗ್ರಾಫ್‌ನಲ್ಲಿ ಒಂದು ಹೆಸರಾಂತ ಪ್ರಬಂಧ ಬಂತು. ಬೆಳಕು ಹಾಲು, ಅಮೃತಶಿಲೆ, ಚರ್ಮದಂಥ ವಸ್ತುಗಳ ಒಳಗೆ ಇಳಿದು, ಚದುರಿ, ಆಚೆ ಬರೋದನ್ನ ಲೆಕ್ಕ ಹಾಕೋ ವಿಧಾನ. ಅದನ್ನ ರೂಪಿಸಿದವರಿಗೆ 2004ರಲ್ಲಿ ಆಸ್ಕರ್ ಸಂಸ್ಥೆಯ ತಾಂತ್ರಿಕ ಪ್ರಶಸ್ತಿನೂ ಸಿಕ್ತು. ವಿದ್ಯೆ ನಿಜವಾಗ್ಲೂ ದೊಡ್ಡದು. ಆದ್ರೆ 2020ರಲ್ಲಿ ಥಿಯೋಡೋರ್ ಕಿಮ್ ಅನ್ನೋರು, ಮುಂಚೆ ಪಿಕ್ಸಾರ್‌ನಲ್ಲಿದ್ದು ಆಮೇಲೆ ಯೇಲ್ ಯೂನಿವರ್ಸಿಟಿ ಸೇರಿದ ಪ್ರಾಧ್ಯಾಪಕರು, 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಅವರ ಮಾತಿನ ಸಾರ ಇಷ್ಟು: ಒಳಗಿಂದ ಬೆಳಕು ಹೊಮ್ಮೋ ಆ ಗುಣ ಎದ್ದು ಕಾಣೋದು ಬಿಳಿ ಚರ್ಮದಲ್ಲಿ, ಕಪ್ಪು ಚರ್ಮದಲ್ಲಿ ಮೇಲ್ಮೈ ಹೊಳಪು ಮುಖ್ಯ. ಆದ್ರೂ ಬಿಳಿ ಚರ್ಮದ ಗುಣವನ್ನೇ 'ಮನುಷ್ಯ ಚರ್ಮ' ಅಂತ ಕರೆದು ವರ್ಷಗಟ್ಟಲೆ ಸಂಶೋಧನೆ ಮಾಡಿದ್ವಿ. ಕೂದಲಿನಲ್ಲೂ ಹಾಗೇ, ನೇರ ಕೂದಲೇ 'ಕೂದಲು' ಆಯ್ತು.

ಸಮೀಕರಣಕ್ಕೆ ಜಾತಿ ಇಲ್ಲ, ಬಣ್ಣ ಇಲ್ಲ, ಒಪ್ಪಿದೆ. ಆದ್ರೆ ಯಾವ ಸಮಸ್ಯೆ ಬಿಡಿಸಬೇಕು, ಯಾವುದು 'ಮುಖ್ಯ', ಯಾವ ಚಿತ್ರ ನೋಡಿ 'ಎಷ್ಟು ನೈಜ!' ಅನ್ನಬೇಕು ಅಂತ ತೀರ್ಮಾನ ಮಾಡೋದು ಮನುಷ್ಯರು. ಆ ಮನುಷ್ಯರ ಮನೆಯ ಕನ್ನಡಿಯಲ್ಲಿ ಕಪ್ಪು ಮುಖ ಕಾಣದಿದ್ರೆ ಪ್ರಶ್ನೆನೇ ಏಳಲ್ಲ.

ಇನ್ನೊಂದು ಮಾತು. ಸಿಗ್‌ಗ್ರಾಫ್‌ಗೆ ಬರೋ ಪ್ರಬಂಧಗಳನ್ನ ಬರೆದವರ ಹೆಸರು ಮುಚ್ಚಿ ಓದ್ತಾರೆ. ನಮ್ಮ ಪರೀಕ್ಷೆಯ ರಿಜಿಸ್ಟರ್ ನಂಬರ್ ಇದ್ದ ಹಾಗೆ. ಇದು ನ್ಯಾಯವಾದ ಪದ್ಧತಿ. ಹೆಸರು ಮುಚ್ಚಿದ ಪರೀಕ್ಷೆಯಲ್ಲಿ ಗೆದ್ದು, ಹೆಸರು ಕೇಳೋ ಸಂದರ್ಶನದಲ್ಲಿ ಸೋತವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಆದ್ರೆ ಕಮಿಟಿಗೆ ಆರಿಸೋವಾಗ ಹೆಸರು ಮುಚ್ಚೋಕಾಗಲ್ಲ. ಅಲ್ಲಿ ಪರಿಚಯ ಬೇಕು, ಯಾರ ಶಿಷ್ಯ, ಯಾವ ಲ್ಯಾಬು ಅನ್ನೋದು ಬೇಕು.

ಒಳಗಿನವರು ಸುಮ್ಮನೆ ಕೂತಿಲ್ಲ ಅನ್ನೋದನ್ನೂ ಹೇಳ್ಬೇಕು. ಕಿಮ್ ಮತ್ತು ಸಂಗಡಿಗರು 2022ರ ಸಿಗ್‌ಗ್ರಾಫ್ ವೇದಿಕೆಯಲ್ಲೇ ಈ ತಾರತಮ್ಯದ ಬಗ್ಗೆ ಮಾತಾಡಿದರು. 2024ರಲ್ಲಿ ಟೋಕಿಯೋದ ಸಿಗ್‌ಗ್ರಾಫ್ ಏಷ್ಯಾದಲ್ಲಿ ಗುಂಗುರು ಕೂದಲನ್ನ ಸರಿಯಾಗಿ ಮೂಡಿಸೋ ಸಂಶೋಧನೆ ಬಂತು. ಅದರಲ್ಲಿ ಕಿಮ್ ಜೊತೆಗೆ ಎ.ಎಂ. ಡಾರ್ಕ್ ಅನ್ನೋ ಕಪ್ಪು ಕಲಾವಿದರೂ ಇದ್ದಾರೆ. ನೋಡಿ, ಪ್ರಶ್ನೆ ಕೇಳೋರು ಒಳಗೆ ಬಂದ ಮೇಲೆ ಗಣಿತವೂ ಹೊಸದಾಗಿ ಹುಟ್ಟಿತು.

ನಮ್ಮ ಪಾಲಿಗೆ ಇದರಲ್ಲಿ ಒಂದು ತೊಡಕಿದೆ. ಹೊರದೇಶದ ಕಮಿಟಿಗಳಲ್ಲಿ ಒಂದು ಭಾರತೀಯ ಹೆಸರು ಕಂಡ್ರೆ ಅಲ್ಲಿನವರಿಗೆ ವೈವಿಧ್ಯ ಬಂತು ಅನ್ನಿಸುತ್ತೆ. ಆ ಭಾರತೀಯ ಯಾವ ಬೀದಿಯಿಂದ ಬಂದ ಅಂತ ಅವರಿಗೆ ತಿಳಿಯಲ್ಲ, ಇವನೂ ಹೇಳಲ್ಲ. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನ ಕಾನೂನಲ್ಲೇ ನಿಷೇಧಿಸ್ತು. ಅಂದ್ರೆ ಅಲ್ಲೂ ಜಾತಿ ಇದೆ ಅಂತ ಒಪ್ಪಿದ ಹಾಗಾಯ್ತು. ಹಾಗಿದ್ಮೇಲೆ ಬಣ್ಣದ ಜೊತೆಗೆ ಜಾತಿನೂ ಕೇಳಬೇಕು ಅನ್ನೋದು ನನ್ನ ವಾದ.

ಬೇರೆಯವರಿಗೆ ಬೆರಳು ತೋರಿಸೋ ಮುಂಚೆ ನಮ್ಮ ಕಡೆನೂ ನೋಡ್ಕೋಬೇಕು. ನಮ್ಮ ಜಯಂತಿ ಕಮಿಟಿಯಲ್ಲಿ ಅಡುಗೆ ಮಾಡೋರು ಹೆಂಗಸರು, ಎಲೆ ಎತ್ತೋರು ಹುಡುಗರು, ತೀರ್ಮಾನ ಮಾಡೋರು ನಾವು ನಾಲ್ಕೈದು ಜನ ಗಂಡಸರು, ಅದೂ ಸಂಬಳದ ನೌಕರಿ ಇರೋರು. ಮೀಟಿಂಗ್ ಇಡೋದು ರಾತ್ರಿ ಒಂಬತ್ತಕ್ಕೆ. ಆಮೇಲೆ 'ಹೆಂಗಸರು ಮೀಟಿಂಗಿಗೆ ಬರಲ್ಲ' ಅಂತ ನಾವೇ ಹೇಳ್ತೀವಿ. ಇದು ಬಿಟ್ಟಿ ಚಾಕರಿ ಅಲ್ದೆ ಇನ್ನೇನು? ಈ ಸಲ ಮೀಟಿಂಗ್ ಭಾನುವಾರ ಮಧ್ಯಾಹ್ನ ಇಡಬೇಕು, ಖಜಾಂಚಿ ಹೆಣ್ಣುಮಗಳೇ ಆಗಬೇಕು ಅಂತ ನಾನು ಕೇಳಿದೀನಿ. ಜಗಳ ನಡೀತಿದೆ.

ಸಿಗ್‌ಗ್ರಾಫ್‌ನಂಥ ಸಮ್ಮೇಳನಗಳಿಗೂ ನನ್ನ ಬೇಡಿಕೆ ಇಂಥದ್ದೇ. ಸ್ವಯಂಸೇವೆ ಇರಲಿ, ಆದ್ರೆ ಅದರ ಖರ್ಚನ್ನ ಬಡವನ ತಲೆ ಮೇಲೆ ಹಾಕಬೇಡಿ. ದೂರದ ದೇಶಗಳ ಬಡ ಮಕ್ಕಳಿಗೆ ಪ್ರಯಾಣ, ವಸತಿ, ವೀಸಾ ಖರ್ಚನ್ನ ಮುಂಗಡವಾಗಿ ಕೊಡಿ. ಖರ್ಚು ಮಾಡಿ ಆಮೇಲೆ ಬಿಲ್ ಕೊಡು ಅಂದ್ರೆ ನಮ್ಮವರಿಗೆ ಆಗಲ್ಲ. ನಮ್ಮ ನಗರದ ಸ್ಟುಡಿಯೋಗಳು ತಮ್ಮ ಕೆಲಸಗಾರರಿಗೆ ಇಂಥ ಸಮಿತಿಗಳಲ್ಲಿ ದುಡಿಯೋಕೆ ಸಂಬಳದ ರಜೆ ಕೊಡಲಿ.

ನಮ್ಮವರಲ್ಲಿ ಈ ಕ್ಷೇತ್ರದಲ್ಲಿ ಇರೋರು ದಯವಿಟ್ಟು ಕೈ ಎತ್ತಿ. ಅರ್ಜಿ ಹೆಂಗೆ ಬರೀಬೇಕು, ಯಾವ ಸಹಾಯಧನ ಇದೆ ಅಂತ ಓದ್ತಿರೋ ಮಕ್ಕಳಿಗೆ ಹೇಳಿಕೊಡಿ. ಒಬ್ಬ ಹುಡುಗಿ ಅರ್ಜಿ ಹಾಕಿದ್ರೂ ಸಾಕು, ತಿರಸ್ಕಾರ ಆದ್ರೂ ಪರವಾಗಿಲ್ಲ. ಮೊದಲು ರಿಜಿಸ್ಟರಲ್ಲಿ ನಮ್ಮ ಹೆಸರಿನ ಗೆರೆ ಬೀಳಲಿ.

ಹೇಳೋದು ಮರೆತೆ. ಆ ಫ್ಲೆಕ್ಸ್‌ಗೆ ಕೊನೆಗೆ ಹಳೇ ಫೋಟೋನೇ ಹಾಕಿಸಿದ್ವಿ. ಸ್ವಲ್ಪ ಮಸುಕಾಗಿತ್ತು. ಅವರ ಮಗಳು ಬಂದು ತುಂಬಾ ಹೊತ್ತು ನೋಡ್ತಾ ನಿಂತಿದ್ಲು.

ಜೈ ಭೀಮ್.