ಆಡದೆ ಬಯ್ಯುವವರಿಗೆ ಒಂದಿಷ್ಟು ವಿಆರ್ ಆಟಗಳು

ವರ್ಚುಯಲ್ ರಿಯಾಲಿಟಿಗೆ ‘ಮಿಥ್ಯಾ ವಾಸ್ತವ’ ಎಂದು ಹೆಸರಿಟ್ಟಾಗಲೇ ನಾವು ತೀರ್ಪನ್ನೂ ಕೊಟ್ಟುಬಿಟ್ಟೆವು. ಮಿಥ್ಯೆ ಎಂದಮೇಲೆ ಇನ್ನೇನು ಉಳಿಯಿತು? ಹೋದ ವರ್ಷ ಒಂದು ವಿಚಾರ ಸಂಕಿರಣದಲ್ಲಿ ಹಿರಿಯ ವಿಮರ್ಶಕರೊಬ್ಬರು, ಓದು ಬಿಟ್ಟವರು ತಲೆಗೆ ಡಬ್ಬಿ ಕಟ್ಟಿಕೊಳ್ಳುತ್ತಾರೆ ಎಂದರು. ಸಭೆ ನಕ್ಕಿತು, ಚಪ್ಪಾಳೆಯೂ ಬಿತ್ತು. ಊಟದ ಸಾಲಿನಲ್ಲಿ ‘ಸರ್, ತಾವು ಯಾವ ಆಟ ಆಡಿದ್ದೀರಿ?’ ಎಂದು ಕೇಳಿದೆ. ‘ಅದನ್ನೆಲ್ಲ ಆಡಿ ನೋಡಬೇಕೇನಮ್ಮ?’ ಎಂದರು. ಕಾದಂಬರಿಯನ್ನು ಓದದೆ ವಿಮರ್ಶೆ ಬರೆದವರನ್ನು ನಾವು ಸುಮ್ಮನೆ ಬಿಡುವುದಿಲ್ಲ, ಕಡೇಪಕ್ಷ ಬಹಿರಂಗವಾಗಿ. ಆಟಕ್ಕೆ ಮಾತ್ರ ಆ ನಿಯಮ ಬೇಡ.

ಇವರಿಗಿಂತ ಹೆಚ್ಚು ಹಾನಿ ಮಾಡುವವರು ಬೆರಗಾಗುವ ಮಂದಿ. ಮಾಲ್‌ನಲ್ಲಿ ದುಡ್ಡು ಕೊಟ್ಟು ಅಲುಗುವ ಕುರ್ಚಿಯಲ್ಲಿ ಕೂತು, ರೋಲರ್ ಕೋಸ್ಟರಿನಿಂದ ಬಿದ್ದಂತೆ ಕಿರುಚಿ, ‘ಅಬ್ಬಾ, ಏನು ಟೆಕ್ನಾಲಜಿ’ ಎನ್ನುತ್ತ ಇಳಿಯುವವರು. ಹಂಪಿಯ ಕಲ್ಲಿನ ರಥದ ಸುತ್ತ ತೆಗೆದ 360 ಡಿಗ್ರಿ ವಿಡಿಯೊವನ್ನೂ ಅವರು ವಿಆರ್ ಎಂದೇ ಕರೆಯುತ್ತಾರೆ. ಅದು ಜಾತ್ರೆಯ ಬಯಾಸ್ಕೋಪ್ ಪೆಟ್ಟಿಗೆ, ಅಷ್ಟೆ. ಕಣ್ಣು ‘ಓಡುತ್ತಿದ್ದೇನೆ’ ಎನ್ನುತ್ತದೆ, ಒಳಗಿವಿ ‘ಇಲ್ಲ, ಕೂತಿದ್ದೀಯ’ ಎನ್ನುತ್ತದೆ. ಆ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಅದನ್ನೇ ಅನುಭವ ಎಂದು ಮಾರುತ್ತಾರೆ.

ನನ್ನ ವಾದ ಇಷ್ಟು: ವಿಆರ್ ನೋಡುವ ಮಾಧ್ಯಮವಲ್ಲ, ಮಾಡುವ ಮಾಧ್ಯಮ. ಕೈಗೆ, ಕಿವಿಗೆ, ನಾಲಿಗೆಗೆ ಕೆಲಸ ಕೊಡುವ ಆಟಗಳು ಮಾತ್ರ ಆಡಲು ಯೋಗ್ಯ. ಅಂಥವು ಕಡಿಮೆ, ಆದರೆ ಇವೆ.

ಪ್ರಾಗ್‌ನ ಪುಟ್ಟ ತಂಡವೊಂದು 2018ರಲ್ಲಿ ಹೊರತಂದ ‘ಬೀಟ್ ಸೇಬರ್’ ನೋಡುವವರಿಗೆ ಹುಚ್ಚಾಟ. ಸಂಗೀತದ ಲಯಕ್ಕೆ ಕೆಂಪು, ನೀಲಿ ಘನಗಳು ಎದುರಿಗೆ ಹಾರಿಬರುತ್ತವೆ. ಎರಡು ಕೈಯ ಎರಡು ಕತ್ತಿಗಳಿಂದ, ಬಾಣದ ಗುರುತು ತೋರಿಸಿದ ದಿಕ್ಕಿಗೇ ಕಡಿಯಬೇಕು. ಮೊದಲ ದಿನ ಯೋಚಿಸಿ ಕಡಿಯುತ್ತೇವೆ, ತಪ್ಪುತ್ತದೆ. ಹತ್ತನೆಯ ದಿನ ಯೋಚನೆಗೆ ಮುಂಚೆ ತೋಳು ಹೊರಟಿರುತ್ತದೆ. ನಮ್ಮೂರು ಬಿಳಿಕೆರೆ, ಹುಣಸೂರು ತಾಲ್ಲೂಕು. ಹೊಗೆಸೊಪ್ಪಿನ ಸೀಮೆ. ಬ್ಯಾರನ್ ಮುಂದೆ ಕೂತು ಕಡ್ಡಿಗೆ ಸೊಪ್ಪು ಕಟ್ಟುವ ಹೆಂಗಸರು ಊರಿನ ಸುದ್ದಿಯನ್ನೆಲ್ಲ ಮಾತಾಡುತ್ತಿರುತ್ತಾರೆ, ಯಾರೂ ಕೈ ನೋಡಿಕೊಳ್ಳುವುದಿಲ್ಲ. ಬೆರಳಿಗೆ ಗೊತ್ತಿರುತ್ತದೆ. ಪುಸ್ತಕದ ನಡುವೆ ಬೆಳೆದ ನನ್ನ ಬೆರಳಿಗೆ ಅಂಥದ್ದೇನೂ ಗೊತ್ತಿರಲಿಲ್ಲ. ಮರುದಿನ ಭುಜದಲ್ಲಿ ಉಳಿದ ನೋವು ಮಿಥ್ಯೆಯೂ ಆಗಿರಲಿಲ್ಲ.

ಕತೆ ಬೇಕೆನ್ನುವವರಿಗೆ ವಾಲ್ವ್ ಕಂಪನಿಯ ‘ಹಾಫ್-ಲೈಫ್: ಅಲಿಕ್ಸ್’ (2020). ಅದಕ್ಕೆ ಒಳ್ಳೆಯ ಕಂಪ್ಯೂಟರ್ ಬೇಕು, ನಾನು ಆಡಿದ್ದು ಗೆಳತಿಯ ಮನೆಯಲ್ಲಿ. ಅದರಲ್ಲೊಂದು ಸಾರಾಯಿ ಕಾರ್ಖಾನೆಯ ಅಧ್ಯಾಯವಿದೆ. ಜೆಫ್ ಎಂಬ ಕುರುಡು ಜೀವಿ ಸದ್ದು ಹಿಡಿದು ಹುಡುಕಿಕೊಂಡು ಬರುತ್ತದೆ. ಗಾಳಿಯಲ್ಲಿರುವ ವಿಷದ ದೂಳಿಗೆ ನಾಯಕಿಗೆ ಕೆಮ್ಮು ಬರುತ್ತದೆ. ಅದನ್ನು ತಡೆಯಲು ನಿಮ್ಮದೇ ಕೈಯನ್ನು ನಿಮ್ಮದೇ ಬಾಯಿಯ ಮುಂದೆ ಹಿಡಿಯಬೇಕು. ಉಳಿದ ಒಂದೇ ಕೈಯಲ್ಲಿ ಬಾಗಿಲು ತೆರೆಯಬೇಕು, ಜಾರುವ ಬಾಟಲಿ ನೆಲಕ್ಕೆ ಬೀಳುವ ಮೊದಲೇ ಹಿಡಿಯಬೇಕು. ‘ಅವಳು ಭಯದಿಂದ ಬಾಯಿ ಮುಚ್ಚಿಕೊಂಡಳು’ ಎಂಬ ವಾಕ್ಯವನ್ನು ಎಷ್ಟು ಕತೆಗಳಲ್ಲಿ ಓದಿಲ್ಲ! ಇಲ್ಲಿ ಆ ವಾಕ್ಯವನ್ನು ಬರೆಯುವುದು ನಮ್ಮ ಮೊಣಕೈ.

ಓದುಬಾಕರು ‘ಮಾಸ್’ (2018) ಆಡಲಿ. ಅದರಲ್ಲಿ ನೀವು ವೀರರಲ್ಲ, ಗ್ರಂಥಾಲಯದಲ್ಲಿ ಪುಸ್ತಕ ತೆರೆದ ಓದುಗರು. ಆಟ ನಿಮ್ಮನ್ನು ಕರೆಯುವುದೂ ಹಾಗೆಯೇ. ಕ್ವಿಲ್ ಎಂಬ ಇಲಿಮರಿ ಪುಟದೊಳಗೆ ಓಡಾಡುತ್ತ, ನಿಮ್ಮತ್ತ ಕತ್ತೆತ್ತಿ ಅಮೆರಿಕನ್ ಸಂಜ್ಞಾಭಾಷೆಯಲ್ಲಿ ಮಾತಾಡುತ್ತದೆ. ಓದುಗ, ಪಠ್ಯ, ಅವುಗಳ ನಡುವಿನ ಸಂಬಂಧ ಎಂದು ನಮ್ಮ ಪಿಎಚ್‌.ಡಿ. ಪ್ರಬಂಧಗಳಲ್ಲಿ ಅಧ್ಯಾಯಗಟ್ಟಲೆ ಕುಟ್ಟುತ್ತೇವಲ್ಲ, ಈ ಇಲಿ ಅದನ್ನು ಒಂದು ಗಂಟೆಯಲ್ಲಿ ತೋರಿಸಿಬಿಡುತ್ತದೆ. ನೀವು ಅಲುಗಿದರೆ ಮಾತ್ರ ಕಾಲ ಅಲುಗುವ ‘ಸೂಪರ್‌ಹಾಟ್ ವಿಆರ್’ ಕೂಡ ಚೆನ್ನ, ಆದರೆ ಗುಂಡು ಹಾರಿಸುವುದು ಬೇಗ ಸಾಕಾಗುತ್ತದೆ.

‘ಸರಿ, ಆಡಿಕೊಳ್ಳಿ, ಅದರ ಬಗ್ಗೆ ಬರೆಯುವುದೇಕೆ?’ ಎನ್ನುವವರಿದ್ದಾರೆ. ಬರೆಯಬೇಕಾದದ್ದು ಈ ಆಟಗಳು ಸಾಯುವುದರಿಂದ. ತೂಕವೇ ಇಲ್ಲದಂತೆ ತೇಲುತ್ತ ತಂಡ ಕಟ್ಟಿ ಆಡುವ ‘ಎಕೋ ವಿಆರ್’ ಅನ್ನು ಅದರ ಒಡೆಯ ಮೆಟಾ ಕಂಪನಿ 2023ರ ಆಗಸ್ಟ್ 1ರಂದು ಮುಚ್ಚಿತು. ಸರ್ವರ್ ಆರಿತು, ಆಡುವವರ ಕೈಯಲ್ಲಿದ್ದ ಆಟವೂ ಆರಿತು. ನಮಗೆ ಇದು ಹೊಸ ದುಃಖವಲ್ಲ. 1934ರ ‘ಸತಿ ಸುಲೋಚನಾ’, ಕನ್ನಡದ ಮೊದಲ ಮಾತಿನ ಚಿತ್ರ. ಇಂದು ಅದರ ಪ್ರತಿಯೇ ಇಲ್ಲ. ನಮಗೆ ಉಳಿದಿರುವುದು ಅದರ ಬಗ್ಗೆ ಬರೆದವರು ಬರೆದಷ್ಟು, ಹೇಳಿದವರು ಹೇಳಿದಷ್ಟು. ಆಗ ಸಿನಿಮಾವನ್ನು ಕೀಳೆಂದು ಬಗೆದು ಪೆನ್ನು ಮುಚ್ಚಿಟ್ಟುಕೊಂಡವರ ಮೊಮ್ಮಕ್ಕಳು ಈಗ ಅದರ ಚರಿತ್ರೆ ಹುಡುಕುತ್ತಿದ್ದಾರೆ.

ಸರ್ಕಾರ ನಮಗಿಂತ ಚುರುಕು. ಆನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ ಕರ್ನಾಟಕ 2012ರಲ್ಲೇ ನೀತಿ ತಂದಿತ್ತು. 2024ರ ಜನವರಿಯಲ್ಲಿ ವಿಆರ್ ಮುಂತಾದುವನ್ನೂ ಹೆಸರಿನಲ್ಲೇ ಸೇರಿಸಿಕೊಂಡ ಎವಿಜಿಸಿ-ಎಕ್ಸ್‌ಆರ್ ನೀತಿ 2024–29ರ ಅವಧಿಗೆ ಬಂತು. ಹೂಡಿಕೆಯವರು ಮಾತಾಡಿದರು, ಉದ್ಯೋಗದವರು ಮಾತಾಡಿದರು. ಬೆಂಗಳೂರಿನಲ್ಲಿ ತಯಾರಾಗುವ ಆಟಗಳಲ್ಲಿ ಕನ್ನಡ ಎಲ್ಲಿರಬೇಕು ಎಂದು ಸಾಹಿತ್ಯದ ಕಡೆಯಿಂದ ಒಂದು ದನಿ ಎದ್ದದ್ದು ನನ್ನ ಕಿವಿಗೆ ಬೀಳಲಿಲ್ಲ. ಮೇಲೆ ಹೇಳಿದ ಯಾವ ಆಟದಲ್ಲೂ ಕನ್ನಡವಿಲ್ಲ. ಯಾರೂ ಕೇಳಿಲ್ಲ, ಅವರೂ ಕೊಟ್ಟಿಲ್ಲ.

ಕನ್ನಡ ಎಲ್ಲಿರಬೇಕು ಎಂಬುದಕ್ಕೆ ನನ್ನ ಬಳಿ ಒಂದು ಉತ್ತರವಿದೆ. ಕೆನಡಾದ ಒಟ್ಟಾವಾದಲ್ಲಿ 2014ರ ಗೇಮ್ ಜಾಮ್ ಒಂದರಲ್ಲಿ ಹುಟ್ಟಿ ಮರುವರ್ಷ ಹೊರಬಂದ ‘ಕೀಪ್ ಟಾಕಿಂಗ್ ಅಂಡ್ ನೋಬಡಿ ಎಕ್ಸ್‌ಪ್ಲೋಡ್ಸ್’. ಹೆಡ್‌ಸೆಟ್ ಹಾಕಿಕೊಂಡ ಒಬ್ಬರಿಗೆ ಮಾತ್ರ ಬಾಂಬ್ ಕಾಣುತ್ತದೆ. ಅದನ್ನು ನಿಷ್ಕ್ರಿಯಗೊಳಿಸುವ 23 ಪುಟಗಳ ಕೈಪಿಡಿ ಇರುವುದು ಹೊರಗೆ ಕೂತವರ ಕೈಯಲ್ಲಿ, ಕಾಗದದ ಮೇಲೆ. ಕಂಡವರಿಗೆ ಉಪಾಯ ಗೊತ್ತಿಲ್ಲ, ಉಪಾಯ ಗೊತ್ತಿದ್ದವರಿಗೆ ಕಾಣುವುದಿಲ್ಲ. ನಡುವೆ ಇರುವುದು ಮಾತು, ಓಡುತ್ತಿರುವ ಗಡಿಯಾರ.

ಈ ದೀಪಾವಳಿಗೆ ಹಾಸ್ಟೆಲಿನ ನಾಲ್ವರು ಸೇರಿ ಕೊಂಡ ಹಳೆಯ ಕ್ವೆಸ್ಟ್ 2 ಅನ್ನು ಊರಿಗೆ ಒಯ್ದಿದ್ದೆ. ಕೈಪಿಡಿಯ ಮೊದಲ ಕೆಲವು ಪುಟಗಳನ್ನು ಕನ್ನಡದಲ್ಲಿ ಬರೆದು ಚಿಕ್ಕವ್ವನ ಕೈಗಿತ್ತೆ. ಹೆಡ್‌ಸೆಟ್ ಅವಳ ಮಗನ ತಲೆಗೆ.

‘ಎಷ್ಟ್ ತಂತಿ ಅವೆ, ಬೇಗ ಯೋಳ್ಲಾ!’

‘ಮೂರು ಕಣವ್ವ.’

‘ಕೆಂಪುದ್ ಅದಾ?’

‘ಇಲ್ಲ.’

‘ಹಂಗಾರೆ ಎರಡ್ನೇದ್ ಕತ್ರುಸು. ಮೇಲಿಂದ ಎಣುಸ್ಕೊ, ಮಂಕುಮುಂಡೇದೆ!’

ಬಾಂಬ್ ಸಿಡಿಯಲಿಲ್ಲ. ಎಂಟನೆಯ ಕ್ಲಾಸಿಗೆ ಓದು ಬಿಟ್ಟ ಚಿಕ್ಕವ್ವ ಅಷ್ಟು ಗಮನವಿಟ್ಟು ಕನ್ನಡ ಓದಿದ್ದನ್ನು ನಾನು ನೋಡಿರಲಿಲ್ಲ. ಓದು ಬಿಟ್ಟವರು ಡಬ್ಬಿ ಕಟ್ಟಿಕೊಳ್ಳುತ್ತಾರಂತೆ!

ನಾನು ಸಿಕ್ಕಿಕೊಂಡಿರುವುದು ಇಂಗ್ಲಿಷಿನ ‘ಯೂ’, ‘ಯುವರ್’, ‘ಯು ಆರ್’, ‘ಅಹ್ ಹಹ್’, ‘ಅಹ್ ಅಹ್’ಗಳಿಂದ ದಿಕ್ಕು ತಪ್ಪಿಸುವ ಪುಟದಲ್ಲಿ. ಆ ಪದಗಳು ಬಾಂಬಿನ ಮೇಲೆಯೇ ಇರುವುದರಿಂದ ಕೈಪಿಡಿ ಅನುವಾದಿಸಿದರೆ ಸಾಲದು. ಅದೃಷ್ಟಕ್ಕೆ, ಕಂಪ್ಯೂಟರ್ ಆವೃತ್ತಿಯಲ್ಲಿ ಆಡುವವರೇ ಹೊಸ ಭಾಗಗಳನ್ನು ಮಾಡಿ ಸೇರಿಸಲು ಅವಕಾಶವಿದೆ. ಪ್ರೋಗ್ರಾಮಿಂಗ್ ಬಲ್ಲ ಓದುಗರಿದ್ದರೆ ಬನ್ನಿ. ಪದಗಳನ್ನು ನಾನು ಕೂಡಿಸುತ್ತಿದ್ದೇನೆ: ‘ಹೂಂ’, ‘ಊಂ’, ‘ಉಹೂಂ’, ‘ಹ್ಞಾಂ’. ಹಕಾರ ನುಂಗುವ ನಮ್ಮ ಸೀಮೆಯ ನಾಲಿಗೆಗೆಂದೇ ‘ಹಾಲು-ಆಲು’, ‘ಹಾಡು-ಆಡು’, ‘ಹಕ್ಕಿ-ಅಕ್ಕಿ’. ಕೊನೆಯದನ್ನು ಚಿಕ್ಕವ್ವನ ಮೇಲೆ ಪ್ರಯೋಗಿಸಿಯೂ ಆಯಿತು. ಚೀಟಿ ನೋಡಿ ಅವಳ ಮಗ ‘ಅಕ್ಕಿ ಅಂತ ಬರ್ದದೆ’ ಎಂದ. ಇವಳು ಕೈಪಿಡಿಯ ಮೇಲೆ ಬೆರಳಿಟ್ಟುಕೊಂಡು ಕೂಗಿದಳು:

‘ಬೇಯ್ಸೋ ಅಕ್ಕಿನೋ, ಆರೋ ಅಕ್ಕಿನೋ?’