ಹೆಸರು ಬರೆದವನ ಹೆಸರೇನು?

ಪೋಸ್ಟರ್ ನೋಡಿ ಟಾಕೀಸಿಗೆ ನುಗ್ಗೋರು ಸಾವಿರಾರು ಜನ. ‘ಇದನ್ನ ಮಾಡಿದೋನು ಯಾರಪ್ಪಾ?’ ಅಂತ ಕೇಳೋರು ಎಷ್ಟು ಜನ? ಬೆರಳು ಮಡಚೋ ಅಗತ್ಯವೇ ಇಲ್ಲ!

1979ರಲ್ಲಿ ಊರಿನ ಶಾಲೆಯ ಡ್ರಾಯಿಂಗ್ ಮೇಷ್ಟ್ರ ಕೆಲಸ ಬಿಟ್ಟು ಗಾಂಧಿನಗರಕ್ಕೆ ಬಂದವನು ನಾನು. ಮೊದಲ ಆರು ತಿಂಗಳು ಬರೀ ಬ್ರಷ್ ತೊಳೆದೆ. ಆಮೇಲೆ ಸ್ಟಿಲ್ ಕತ್ತರಿಸಿ ಬೋರ್ಡಿಗೆ ಅಂಟಿಸೋದು, ಮುಖಕ್ಕೆ ಬಣ್ಣ ತುಂಬೋದು, ಕೊನೆಗೆ ಟೈಟಲ್. ಹೊಡೆದಾಟದ ಚಿತ್ರಕ್ಕೆ ಅಕ್ಷರ ಬಂಡೆಯ ಹಾಗೆ ಬಿರುಕು ಬಿಡಬೇಕು, ಸಂಸಾರದ ಚಿತ್ರಕ್ಕೆ ರಂಗೋಲಿಯ ಹಾಗೆ ಬಳುಕಬೇಕು. ನಮ್ಮ ಕನ್ನಡದ ಒತ್ತಕ್ಷರ ಇದೆಯಲ್ಲ, ಅದು ಕೆಳಗಿನ ಸಾಲಿನ ನಾಯಕಿಯ ತಲೆಗೆ ತಾಗದ ಹಾಗೆ ನೋಡ್ಕೋಬೇಕು! ಬೋರ್ಡು ಶಿವಕಾಶಿಗೆ ಹೋಗಿ ಅಚ್ಚಾಗಿ ಬಂದ ದಿನ, ಗೋಡೆಯ ಮುಂದೆ ಅಪರಿಚಿತನ ಹಾಗೆ ನಿಂತು ಜನರ ಮಾತು ಕೇಳುತ್ತಿದ್ದೆ.

1984ರಲ್ಲಿ ಒಂದು ಚಿತ್ರಕ್ಕೆ ಮೂರು ರಾತ್ರಿ ನಿದ್ದೆಗೆಟ್ಟು ಟೈಟಲ್ ಬರೆದೆ. ಚಿತ್ರ ನೂರು ದಿನ ಓಡಿತು. ಸಮಾರಂಭದಲ್ಲಿ ಜೀಪಿನ ಡ್ರೈವರಿಗೂ ಫಲಕ ಸಿಕ್ಕಿತು. ನನಗೆ ಊಟ ಸಿಕ್ಕಿತು!

ಇರಲಿ. ಇದನ್ನೆಲ್ಲ ಈಗ ನೆನೆಯೋಕೆ ಕಾರಣ ನನ್ನ ಮಗಳು. ಜಾಹೀರಾತು ಕಂಪೆನಿಯಲ್ಲಿ ಅವಳು ಗ್ರಾಫಿಕ್ ಡಿಸೈನರ್. ಹಗಲೆಲ್ಲ ಸೋಪಿನ ಡಬ್ಬಿ, ರಾತ್ರಿ ಕಂಪ್ಯೂಟರಿನಲ್ಲಿ ಹೊಸಬರ ಚಿತ್ರಗಳ ಪೋಸ್ಟರ್. ಮೊನ್ನೆ ಊಟದ ಹೊತ್ತಿಗೆ, “ಅಪ್ಪಾ, ಕೆಲಸ ಬಿಟ್ಬಿಡ್ಲಾ?” ಅಂದಳು. ನನ್ನ ತುತ್ತು ಬಾಯಲ್ಲೇ ನಿಂತಿತು.

ಸತ್ಯಜಿತ್ ರಾಯ್ ಕಥೆ ಹೇಳಿದೆ. ಅವರೂ ಮೊದಲು ಇದೇ ಕಸುಬಿನವರು. 1943ರಲ್ಲಿ ಕಲ್ಕತ್ತೆಯ ಡಿ.ಜೆ. ಕೀಮರ್ ಜಾಹೀರಾತು ಕಂಪೆನಿಗೆ ಸೇರಿದಾಗ ತಿಂಗಳಿಗೆ 80 ರೂಪಾಯಿ. ಜೊತೆಗೆ ಸಿಗ್ನೆಟ್ ಪ್ರೆಸ್ಸಿನ ಪುಸ್ತಕಗಳಿಗೆ ರಕ್ಷಾಪುಟ ಬರೆದರು. ಹಾಗೆ ಮಕ್ಕಳಿಗಾಗಿ ಸಂಗ್ರಹಿಸಿದ ‘ಪಥೇರ್ ಪಾಂಚಾಲಿ’ ಕಾದಂಬರಿಗೆ ಚಿತ್ರ ಬರೆಯುವಾಗಲೇ ಸಿನಿಮಾದ ಬೀಜ ಬಿದ್ದದ್ದು! 1952ರಲ್ಲಿ ಶೂಟಿಂಗ್ ಶುರು. ವಿಮೆಯ ಮೇಲೆ ಸಾಲ, ಹೆಂಡತಿಯ ಒಡವೆ ಅಡವು. ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರದ ಹಣ. 1955ರಲ್ಲಿ ಚಿತ್ರ ತೆರೆ ಕಾಣುವವರೆಗೂ ಸಂಬಳದ ಕೆಲಸ ಬಿಡಲಿಲ್ಲ. ದೊಡ್ಡ ನಿರ್ದೇಶಕರಾದ ಮೇಲೂ ಬ್ರಷ್ ಬಿಡಲಿಲ್ಲ. ತಮ್ಮ ಚಿತ್ರಗಳ ಪೋಸ್ಟರ್ ತಾವೇ ಬರೆದರು, ‘ರೇ ರೋಮನ್’ ಎಂಬ ಇಂಗ್ಲಿಷ್ ಅಕ್ಷರಶೈಲಿಯನ್ನೂ ರಚಿಸಿದರು.

“ಅದಕ್ಕೇ ಸಂಬಳ ಇರಲಿ ಮಗಳೇ, ಬ್ರಷ್ಷೂ ಇರಲಿ” ಅಂದೆ ಗತ್ತಿನಿಂದ.

“ನೀವು ಮೇಷ್ಟ್ರ ಕೆಲಸ ಬಿಟ್ಟೇ ಅಲ್ವಾ ಬಂದದ್ದು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನವಳು ಮಾತ್ರ ಸಾರು ಬಡಿಸುತ್ತಾ, “ಆ ಐದು ವರ್ಷ ಮನೆ ಬಾಡಿಗೆ ಹೇಗೆ ಕಟ್ಟಿದ್ವಿ ಅಂತ ನನ್ನ ಕೇಳು” ಅಂದಳು. ಮಗಳು ನಗಲಿಲ್ಲ. ಒಂದು ವರ್ಷ ತಡೀತೀನಿ ಅಂದಳು.

ರಾತ್ರಿ ಅವಳ ಹೊಸ ಪೋಸ್ಟರ್ ನೋಡಿದೆ. ಒತ್ತಕ್ಷರ ಚೆನ್ನಾಗಿ ಕೂತಿತ್ತು. ಬಲಗಡೆ ಮೂಲೆಯಲ್ಲಿ, ಇರುವೆಯಷ್ಟು ಚಿಕ್ಕದಾಗಿ, ಅವಳ ಹೆಸರು! ನಾನು ಒಮ್ಮೆಯೂ ಬರೆದುಕೊಳ್ಳದ ಜಾಗ ಅದು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ.