ಉಪವಾಸ ಕೂತವರೇ ಕೊಟ್ಟ ಟ್ರೋಫಿ

ಜೆಫ್ ನಿಕ್ಲಿನ್ ಎರಡನೇ ಮಹಾಯುದ್ಧದಲ್ಲಿ ಮಡಿದು 80 ವರ್ಷ ದಾಟಿತು. ಕೆನಡಾದ ವಿನಿಪೆಗ್‌ನಲ್ಲಿ ಅವರು ಮೊದಲು ಹೆಸರು ಮಾಡಿದ್ದು ಫುಟ್‌ಬಾಲ್‌ನಿಂದ. ಚೆಂಡನ್ನು ಒದೆಯುವುದಕ್ಕಿಂತ ಅವಚಿಕೊಂಡು ಓಡುವುದೇ ಹೆಚ್ಚಾದ ಅಲ್ಲಿನ ಫುಟ್‌ಬಾಲ್. 1935ರಲ್ಲಿ ಅವರ ತಂಡ ಹ್ಯಾಮಿಲ್ಟನ್ ವಿರುದ್ಧ 18–12ರಿಂದ ಗೆದ್ದು ದೇಶದ ಫುಟ್‌ಬಾಲ್ ಚಾಂಪಿಯನ್ನರಿಗೆ ಸಲ್ಲುವ ಗ್ರೇ ಕಪ್ಪನ್ನು ಮೊದಲ ಬಾರಿಗೆ ಪಶ್ಚಿಮ ಕೆನಡಾಕ್ಕೆ ತಂದಿತು. 1939ರಲ್ಲಿ ಮತ್ತೆ ಗೆದ್ದಿತು. ಅಷ್ಟರಲ್ಲಿ ಯುದ್ಧ ಶುರುವಾಗಿತ್ತು.

ಮುಂದಿನದು ಬೇಗ ಹೇಳಿ ಮುಗಿಸಬಹುದಾದ ಕಥೆ. ಸೈನ್ಯ ಸೇರಿದರು, ಒಂದನೇ ಕೆನಡಿಯನ್ ಪ್ಯಾರಾಚೂಟ್ ಬೆಟಾಲಿಯನ್‌ಗೆ ಬಂದರು, 1944ರ ಜೂನ್ 6ರಂದು ನಾರ್ಮಂಡಿಯಲ್ಲಿ ಧುಮುಕಿದರು, ಗಾಯಗೊಂಡರು. ಸೆಪ್ಟೆಂಬರ್‌ನಲ್ಲಿ ಇಡೀ ಬೆಟಾಲಿಯನ್ ಅವರ ಕೈಗೆ ಬಂತು. ಅವರನ್ನು ಒರೆಗೆ ಹಚ್ಚಬೇಕಾದದ್ದು ಇಲ್ಲಿಂದ.

ನಾರ್ಮಂಡಿಯಲ್ಲಿ ಬಹಳ ಮಂದಿಯನ್ನು ಕಳೆದುಕೊಂಡಿದ್ದ ಬೆಟಾಲಿಯನ್ನನ್ನು ಇಂಗ್ಲೆಂಡಿನ ಬಲ್ಫರ್ಡ್ ಶಿಬಿರದಲ್ಲಿ ಹೊಸದಾಗಿ ಕಟ್ಟಬೇಕಿತ್ತು. ಉಡುಪು, ಕವಾಯತು, ನಡವಳಿಕೆ ಎಲ್ಲದರಲ್ಲೂ ನಿಕ್ಲಿನ್ ಬಿಗಿ ಮಾಡಿದರು. ಸಾವಿನ ದವಡೆಯಿಂದ ಪಾರಾಗಿ ಬಂದವರಿಗೆ ಗುಂಡಿ, ಬೂಟುಗಳ ಈ ಕಾಟ ಸಹಿಸಲಾಗಲಿಲ್ಲ. ಅಕ್ಟೋಬರ್‌ನಲ್ಲಿ ಊಟ ಬಿಟ್ಟರು. ತರಬೇತಿ ತಪ್ಪಿಸಲಿಲ್ಲ, ತಟ್ಟೆ ಮಾತ್ರ ಮುಟ್ಟಲಿಲ್ಲ. ಉಪವಾಸ ನಮ್ಮವರಿಗೆ ಹೊಸದೇನಲ್ಲ. ಆದರೆ ಯುದ್ಧಕಾಲದ ಸೈನ್ಯದಲ್ಲಿ ಅದಕ್ಕೆ ದಂಗೆಯ ಹೆಸರು ಬೀಳಲು ಎಷ್ಟು ಹೊತ್ತು? ಬೆಟಾಲಿಯನ್ ಸೇರಿದ್ದ ಬ್ರಿಗೇಡಿನ ಮುಖ್ಯಸ್ಥ ಬ್ರಿಗೇಡಿಯರ್ ಜೇಮ್ಸ್ ಹಿಲ್ ಖುದ್ದಾಗಿ ಬಂದು ಮಾತಾಡಿದ ಮೇಲೆ ಸೈನಿಕರು ಉಣ್ಣತೊಡಗಿದರು. ನಿಕ್ಲಿನ್ ಹುದ್ದೆಯಲ್ಲೇ ಉಳಿದರು.

ಆಟಗಾರ ಬೆವರು ಸುರಿಸುವುದು ತನ್ನಿಷ್ಟದಿಂದ. ಸೈನಿಕನಿಗೆ ಆ ಇಷ್ಟ ಹುಟ್ಟಿಸಬೇಕಾಗುತ್ತದೆ. ಬಲ್ಫರ್ಡ್‌ನಲ್ಲಿ ನಿಕ್ಲಿನ್ ಎಡವಿದ್ದು ಅಲ್ಲೇ ಎಂದು ನಮಗನ್ನಿಸುತ್ತದೆ. ಹಾಗೆಂದು ಅವರ ಬಿಗಿ ದಂಡವಾಯಿತೆನ್ನಲೂ ಆಗದು.

1945ರ ಮಾರ್ಚ್ 24ರಂದು, ಹಾಡಹಗಲೇ, ಮಿತ್ರಪಡೆಗಳ 16,000ಕ್ಕೂ ಹೆಚ್ಚು ಸೈನಿಕರು ರೈನ್ ನದಿಯಾಚೆ ಆಕಾಶದಿಂದ ಇಳಿದರು. ನಿಕ್ಲಿನ್‌ರ ಪ್ಯಾರಾಚೂಟ್ ಮರಕ್ಕೆ ಸಿಕ್ಕಿಕೊಂಡಿತು. ಕೆಳಗೆ ಜರ್ಮನ್ನರ ಮೆಷಿನ್‌ಗನ್‌ಗಳು. ಬಿಡಿಸಿಕೊಳ್ಳುವ ಮೊದಲೇ ಗುಂಡಿಗೆ ಬಲಿಯಾದರು, ವಯಸ್ಸು 30. ನಾಯಕನಿಲ್ಲದೆಯೂ ಬೆಟಾಲಿಯನ್ ಅಂದಿನ ಗುರಿ ಸಾಧಿಸಿತು. ಗುಂಡಿನ ಮಳೆಯಲ್ಲೇ ಗಾಯಾಳುಗಳನ್ನು ಹೊತ್ತು ತಂದ ಅದರ ವೈದ್ಯಕೀಯ ಸಹಾಯಕ ಫ್ರೆಡರಿಕ್ ಟೋಪ್‌ಹ್ಯಾಮ್‌ಗೆ ವಿಕ್ಟೋರಿಯಾ ಕ್ರಾಸ್ ಸಂದಿತು. ಮೇ 2ರಂದು ಬೆಟಾಲಿಯನ್ ಬಾಲ್ಟಿಕ್ ತೀರದ ವಿಸ್ಮಾರ್ ತಲುಪಿ ಸೋವಿಯತ್ ಸೇನೆಯನ್ನು ಎದುರುಗೊಂಡಿತು.

ಪಶ್ಚಿಮ ಕೆನಡಾದ ತಂಡಗಳಲ್ಲಿ, ತನ್ನ ತಂಡಕ್ಕೆ ಎಲ್ಲರಿಗಿಂತ ಹೆಚ್ಚು ಆಸರೆಯಾದ ಆಟಗಾರನಿಗೆಂದು 1946ರಲ್ಲಿ ನಿಕ್ಲಿನ್ ಹೆಸರಿನ ಟ್ರೋಫಿ ಶುರುವಾಯಿತು. ಅದನ್ನು ಕೊಟ್ಟದ್ದು ಅವರ ಹಳೆಯ ಕ್ಲಬ್ ಅಲ್ಲ, ಬಲ್ಫರ್ಡ್‌ನಲ್ಲಿ ಅವರ ಮೇಲೆ ಮುನಿದು ಊಟ ಬಿಟ್ಟಿದ್ದ ಬೆಟಾಲಿಯನ್.